ಕಾರ್ಖಾನೆಯ ಬೆಂಕಿಯಿಂದ ಬರುವ ಮೀಥೇನ್: ಭಾರತದ ಗ್ರಾಫ್ ಓದುವುದು ಹೇಗೆ?

ಭೂಮಿಯನ್ನು ಬಿಸಿ ಮಾಡುವ ಅನಿಲ ಮೀಥೇನ್ ಅಂದ ತಕ್ಷಣ ನೆನಪಾಗುವುದು ಹಸು-ಎಮ್ಮೆ, ಭತ್ತದ ಗದ್ದೆ, ಊರಾಚೆಯ ಕಸದ ರಾಶಿ. ಭಾರತದ ಮಟ್ಟಿಗೆ ಅದು ನಿಜವೇ, ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಆದರೆ ವಿಶ್ವಬ್ಯಾಂಕಿನ ಅಂಕಿಅಂಶಗಳಲ್ಲಿ ಕೈಗಾರಿಕೆಗಳು ಇಂಧನ ಸುಡುವುದರಿಂದ ಬರುವ ಮೀಥೇನಿಗೆ ಅಂತಲೇ ಬೇರೆ ಸಾಲು ಇದೆ, 1970ರಿಂದ ವರ್ಷವರ್ಷದ ಲೆಕ್ಕ. ಚಿಕ್ಕ ಸಾಲು ಅಂತ ಬಿಡಬೇಡಿ. ಹೊರಸೂಸುವಿಕೆಯ ಲೆಕ್ಕ ಹೇಗೆ ನಡೆಯುತ್ತದೆ ಅಂತ ಕಲಿಯೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಮೊದಲು, ಇದರಲ್ಲಿ ಏನೇನು ಬರುತ್ತದೆ. ಸಿಮೆಂಟ್ ಗೂಡು, ಕಾಗದ ಮತ್ತು ಸಕ್ಕರೆ ಕಾರ್ಖಾನೆಗಳ ಬಾಯ್ಲರ್, ಬಟ್ಟೆ ಮಿಲ್ಲು, ಇಟ್ಟಿಗೆ ಭಟ್ಟಿ ಎಲ್ಲ ಇಲ್ಲಿಗೇ. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಇಲ್ಲಿ ಬರಲ್ಲ, ಅದು ವಿದ್ಯುತ್ ಉತ್ಪಾದನೆಯ ಲೆಕ್ಕ. ಕಲ್ಲಿದ್ದಲು ಗಣಿ ಮತ್ತು ಗ್ಯಾಸ್ ಪೈಪುಗಳಿಂದ ಸೋರುವ ಮೀಥೇನಿಗೂ ಬೇರೆ ಖಾತೆ. ಉಕ್ಕಿನ ಕಾರ್ಖಾನೆಯಲ್ಲಿ ಅದಿರಿನಿಂದ ಕಬ್ಬಿಣ ತೆಗೆಯೋಕೆ ಹಾಕುವ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇದ್ದಿಲು) ಕೂಡ ಇಂಧನ ಅಲ್ಲ, ಕಚ್ಚಾವಸ್ತು ಅಂತ ಆಚೆ ಹೋಗುತ್ತದೆ. ಜಾಸ್ತಿ ಜನ ಎಡವುವುದು ಈ ಗಡಿಗಳಲ್ಲೇ.

ಇಂಧನ ಪೂರ್ತಿ ಉರಿದರೆ ಮೀಥೇನ್ ಬರಲೇಬಾರದು, ಅಲ್ವಾ? ಹೌದು. ಗಾಳಿ ಸಾಲದಾಗ, ಇಂಧನ ಒದ್ದೆಯಿದ್ದಾಗ, ಒಲೆ ಇನ್ನೂ ಕಾಯುತ್ತಿರುವಾಗ ಅರೆಬರೆ ಉರಿದು ಸ್ವಲ್ಪ ಹೊರಬೀಳುತ್ತದೆ. ದೊಡ್ಡ ಕುಲುಮೆಯಲ್ಲಿ ತೀರಾ ಕಮ್ಮಿ, ಸಣ್ಣ ಸೌದೆ ಒಲೆಯಲ್ಲಿ ಜಾಸ್ತಿ.

ಈಗ ಮುಖ್ಯ ವಿಷಯ. ಈ ಗ್ರಾಫನ್ನು ಯಾರೂ ಚಿಮಣಿಗೆ ಮೀಟರ್ ಕಟ್ಟಿ ಅಳೆದು ಬರೆದಿಲ್ಲ. ಎಷ್ಟು ಇಂಧನ ಸುಟ್ಟಿತು, ಅದರಿಂದ ಎಷ್ಟು ಶಾಖ ಬಂತು ಅಂತ ನೋಡಿ, ಅದನ್ನು ಒಂದು ಎಮಿಷನ್ ಫ್ಯಾಕ್ಟರಿನಿಂದ, ಅಂದರೆ ಇಷ್ಟು ಶಾಖಕ್ಕೆ ಇಷ್ಟು ಮೀಥೇನ್ ಅನ್ನುವ ಅಂಕಿಯಿಂದ ಗುಣಿಸುತ್ತಾರೆ, ಅಷ್ಟೇ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿ ಪ್ರಕಾರ ಕೈಗಾರಿಕೆಯಲ್ಲಿ ಒಂದು ಟೆರಾಜೂಲ್ (ಲಕ್ಷ ಕೋಟಿ ಜೂಲ್) ಶಾಖಕ್ಕೆ ಕಲ್ಲಿದ್ದಲು 10 ಕಿಲೋ ಮೀಥೇನ್, ಡೀಸೆಲ್ ಮತ್ತು ಫರ್ನೇಸ್ ಆಯಿಲ್ 3, ನೈಸರ್ಗಿಕ ಅನಿಲ 1, ಸೌದೆ ಮತ್ತು ಕಬ್ಬಿನ ಸಿಪ್ಪೆ 30. ಈ ನಾಲ್ಕು ಅಂಕಿ ಬಾಯಿಪಾಠ ಮಾಡಿದರೆ ಅರ್ಧ ಪಾಠ ಮುಗಿದ ಹಾಗೆ.

ಒಂದು ಲೆಕ್ಕ ಮಾಡೋಣ. ಒಂದು ಟೆರಾಜೂಲಿಗೆ ಒಳ್ಳೆ ಕಲ್ಲಿದ್ದಲಾದರೆ ಸುಮಾರು 39 ಟನ್ ಬೇಕು, ಬೂದಿ ಜಾಸ್ತಿ ಇರುವ ನಮ್ಮ ದೇಶದ್ದಾದರೆ ಇನ್ನೂ ಹೆಚ್ಚು. ಬರುವ ಮೀಥೇನ್ 10 ಕಿಲೋ. 100 ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ 28 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ, ಹಾಗಾಗಿ 28ರಿಂದ ಗುಣಿಸಿದರೆ 280 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ಅದೇ ಬೆಂಕಿಯಿಂದ ನೇರವಾಗಿ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 94.6 ಟನ್. ಅಂದರೆ ಮೀಥೇನ್ ಪಾಲು ಶೇ 0.3ರಷ್ಟು ಮಾತ್ರ. ಈಗ ಅದೇ ಬಾಯ್ಲರಿಗೆ ಕಲ್ಲಿದ್ದಲು ಬಿಟ್ಟು ಕಬ್ಬಿನ ಸಿಪ್ಪೆ ಹಾಕಿ ನೋಡಿ. ಮತ್ತೆ ಬೆಳೆಯುವ ಬೆಳೆ ಅನ್ನುವ ಕಾರಣಕ್ಕೆ ಅದರ ಕಾರ್ಬನ್ ಡೈಆಕ್ಸೈಡನ್ನು ಇಂಧನ ವಿಭಾಗದ ಮೊತ್ತಕ್ಕೆ ಸೇರಿಸುವುದಿಲ್ಲ, ಪಕ್ಕದಲ್ಲಿ ಬರೆದಿಡುತ್ತಾರೆ. ಆದರೆ ಮೀಥೇನನ್ನು ಸೇರಿಸುತ್ತಾರೆ, ಅದೂ 30 ಕಿಲೋ! ಒಟ್ಟು ಲೆಕ್ಕದಲ್ಲಿ ಭಾರಿ ಇಳಿಕೆ, ಮೀಥೇನ್ ಗ್ರಾಫಿನಲ್ಲಿ ಮೂರು ಪಟ್ಟು ಏರಿಕೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಾಗಲಿ, ಮಂಡ್ಯದ ಆಲೆಮನೆಗಳಾಗಲಿ, ಸಿಪ್ಪೆ ಸುಡುವ ಜಾಗಗಳೆಲ್ಲ ಈ ಗ್ರಾಫಿನಲ್ಲಿ ತಮ್ಮ ಶಾಖದ ಪಾಲಿಗಿಂತ ದೊಡ್ಡದಾಗಿ ಕಾಣುತ್ತವೆ. ಹಾಗಂತ ಅವುಗಳನ್ನು ಕಲ್ಲಿದ್ದಲಿಗಿಂತ ಕೆಟ್ಟದ್ದು ಅಂದುಬಿಟ್ಟರೆ ತಪ್ಪು.

ಭಾರತದ ಗೆರೆ ಒಟ್ಟಾರೆ ಏರುಮುಖ. ಸಿಮೆಂಟ್, ಇಟ್ಟಿಗೆ, ಸಕ್ಕರೆ ಎಲ್ಲ ಬೆಳೆದವು, ಸುಟ್ಟದ್ದು ಹೆಚ್ಚಾಗಿ ಕಲ್ಲಿದ್ದಲೇ. 2020 ಲಾಕ್‌ಡೌನ್ ವರ್ಷ. ಭಾರತ 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ವರದಿಯಲ್ಲಿ ಆ ವರ್ಷ ದೇಶದ ಒಟ್ಟು ಹೊರಸೂಸುವಿಕೆ 2019ಕ್ಕಿಂತ ಶೇ 7.93 ಇಳಿದಿದೆ. ಅಂಥ ತಗ್ಗನ್ನು ಸುಧಾರಣೆ ಅಂತ ಬರೆಯಬೇಡಿ.

ನಿಜವಾಗಿ ಇಂಧನ ಬದಲಾದರೆ ಏನಾಗುತ್ತದೆ ಅಂತ ನೋಡೋಕೆ ಗುಜರಾತಿನ ಮೋರ್ಬಿಗೆ ಹೋಗಬೇಕು. ಟೈಲ್ಸ್ ಮಾಡುವ ಈ ಊರಲ್ಲಿ ಕಲ್ಲಿದ್ದಲು ಗ್ಯಾಸಿಫೈಯರ್‌ಗಳನ್ನು (ಕಲ್ಲಿದ್ದಲನ್ನು ಉರಿಯುವ ಅನಿಲವಾಗಿಸುವ ಯಂತ್ರಗಳನ್ನು) ಮುಚ್ಚಿ ಅಂತ 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು, ಕಾರ್ಖಾನೆಗಳು ನೈಸರ್ಗಿಕ ಅನಿಲಕ್ಕೆ ಬಂದವು, ಆಮೇಲೆ ಅನಿಲದ ಬೆಲೆ ಗಗನಕ್ಕೇರಿದಾಗ ಎಷ್ಟೋ ಘಟಕಗಳು ಪ್ರೊಪೇನ್ ಕಡೆ ಹೊರಳಿದವು. ಲೆಕ್ಕದಲ್ಲಿ 10 ಇದ್ದದ್ದು 1ಕ್ಕೆ ಬಂತು. ಆದರೆ ನಮ್ಮ ಅನಿಲದಲ್ಲಿ ಹೆಚ್ಚುಕಮ್ಮಿ ಅರ್ಧ ಆಮದು, ಹೊರದೇಶದ ಬಾವಿಯಲ್ಲಿ ಸೋರಿದ ಮೀಥೇನ್ ಆ ದೇಶದ ಖಾತೆಗೇ ಹೋಗುತ್ತದೆ. ಈ ಗ್ರಾಫಿನಲ್ಲಿ ಅದರ ಸುಳಿವೇ ಸಿಗಲ್ಲ.

ಬೇರೆ ಬೇರೆ ವರದಿಗಳ ಅಂಕಿ ಜೋಡಿಸುವಾಗ ಹುಷಾರು. ಮೀಥೇನಿಗೆ 100 ವರ್ಷದ ಲೆಕ್ಕದಲ್ಲಿ ಐಪಿಸಿಸಿಯ ಎರಡನೇ ವರದಿ 21 ಅಂದಿತ್ತು, ನಾಲ್ಕನೆಯದು 25, ಐದನೆಯದು 28. 21ರಲ್ಲಿ ಬರೆದ ಹಳೇ ಕೋಷ್ಟಕದ ಮುಂದೆ 28ರ ಹೊಸದನ್ನು ಅಂಟಿಸಿದರೆ, ಒಂದು ಕೆಜಿ ಇಂಧನವೂ ಜಾಸ್ತಿ ಸುಡದೆ ಸುಮ್ನೆ ಮೂರನೇ ಒಂದು ಭಾಗ ಏರಿಕೆ ಕಾಣುತ್ತದೆ.

ಇನ್ನೊಂದು. ಕಲ್ಲಿದ್ದಲಿನ 10 ಅನ್ನುವುದು 3ರಿಂದ 30ರ ತನಕ ಇರಬಹುದು, ಸೌದೆಯ 30 ಅನ್ನುವುದು 10ರಿಂದ 100ರ ತನಕ ಇರಬಹುದು ಅಂತ ಐಪಿಸಿಸಿಯೇ ಬರೆದಿದೆ. ಹಾಗಾಗಿ 'ಎಷ್ಟು' ಅನ್ನುವುದಕ್ಕಿಂತ 'ಯಾವ ಕಡೆಗೆ' ಅನ್ನುವ ಪ್ರಶ್ನೆಗೆ ಈ ಗೆರೆ ಹೆಚ್ಚು ನಂಬಿಕೆಯ ಉತ್ತರ ಕೊಡುತ್ತದೆ, ಯಾಕೆಂದರೆ ಪ್ರತಿ ವರ್ಷಕ್ಕೂ ಅದೇ ಫ್ಯಾಕ್ಟರ್ ಹಾಕಿರುತ್ತಾರೆ. ಅದರದ್ದೇ ಒಂದು ತೊಂದರೆಯೂ ಇದೆ: ಇಟ್ಟಿಗೆ ಭಟ್ಟಿಯವರು ಬಿಸಿಗಾಳಿ ಇಟ್ಟಿಗೆಗಳ ನಡುವೆ ಅಂಕುಡೊಂಕಾಗಿ ಹರಿಯುವ ಜಿಗ್‌ಜಾಗ್ ವಿಧಾನಕ್ಕೆ ಬದಲಾದರೆ ಉಳಿತಾಯವಾದ ಕಲ್ಲಿದ್ದಲು ಗ್ರಾಫಿನಲ್ಲಿ ಕಾಣುತ್ತದೆ, ಬೆಂಕಿ ಚೆನ್ನಾಗಿ ಉರಿದದ್ದು ಕಾಣುವುದಿಲ್ಲ.