ಹೋದ ಸದ್ದು ವಾಪಸ್ ಬರುವ ಹೊತ್ತಿಗೆ

ಕಾಲೇಜಿಗೆ ಹೋಗುತ್ತಿದ್ದಾಗ ನನ್ನ ಹಳೇ ಯಮಹಾ ಆರ್‌ಎಕ್ಸ್ 100 ಬೈಕಿನ ಸೈಲೆನ್ಸರ್ ಬಾಲ ಕುಯ್ಯಿಸಿದ್ದೆ. ಆಗ ಓರಗೆಯ ಹುಡುಗರೆಲ್ಲ ಅದನ್ನೇ ಮಾಡುತ್ತಿದ್ದರು. ಹೊಗೆ ಹೋಗುವ ದಾರಿ ಸಲೀಸಾದರೆ ಗಾಡಿ ಚೆನ್ನಾಗಿ ಉಸಿರಾಡುತ್ತದೆ, ಸ್ಪೀಡು ಜಾಸ್ತಿ ಆಗುತ್ತದೆ ಅನ್ನೋದು ನಮ್ಮ ಲೆಕ್ಕ. ಸದ್ದೇನೋ ಜೋರಾಗಿಯೇ ಬಂತು. ನಾನು ಎರಡು ಬೀದಿ ಆಚೆ ಇರುವಾಗಲೇ ಅಮ್ಮ ತಟ್ಟೆ ಹಾಕುತ್ತಿದ್ದರು. ಆದರೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಈಗ ಎರಡಕ್ಕೆ ಇಳಿಸಬೇಕಾಯಿತು.

ವಯಸ್ಸಾದ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋಗಿ ಅಲವತ್ತುಕೊಂಡೆ. ಅವರು ಗಾಡಿಯ ಹಿಂಭಾಗ ನೋಡಿ ನಕ್ಕರು. "ಸೈಲೆನ್ಸರ್ ಅಂದ್ರೆ ಹೊಗೆ ಹೋಗೋ ಪೈಪು ಅಂದ್ಕೊಂಡ್ಯಾ? ಅದೂ ಇಂಜಿನ್ನೇ ಕಣಪ್ಪ. ಇಂಜಿನ್ ಕುಯ್ದು ಗುಜರಿಗೆ ಹಾಕಿದ್ದೀಯ."

ಅವರು ತಮಾಷೆಗೆ ಹೇಳಿದ್ದಾರೆ ಅಂದುಕೊಂಡಿದ್ದೆ. ಅದರಲ್ಲಿ ತಮಾಷೆ ಏನೂ ಇರಲಿಲ್ಲ ಅಂತ ಗೊತ್ತಾಗಲು ಕೆಲವು ವರ್ಷ ಬೇಕಾಯಿತು.

ಆರ್‌ಎಕ್ಸ್‌ನದು ಟೂ ಸ್ಟ್ರೋಕ್ ಇಂಜಿನ್, ಅಂದರೆ ಪಿಸ್ಟನ್ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಗುವಷ್ಟರಲ್ಲಿ ಒಂದು ಸಲ ಉರಿಯುವಂಥದ್ದು. ಇದರಲ್ಲಿ ಫೋರ್ ಸ್ಟ್ರೋಕ್‌ನಲ್ಲಿರುವಂಥ ವಾಲ್ವ್ ಇಲ್ಲ, ಅದನ್ನು ತೆಗೆದು ಮುಚ್ಚುವ ಕ್ಯಾಮ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕೆಲವು ಕಿಂಡಿಗಳಿರುತ್ತವೆ, ಅವಕ್ಕೆ ಪೋರ್ಟ್ ಅಂತ ಹೆಸರು. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತಾ ಅವನ್ನು ತೆಗೆದು ಮುಚ್ಚುತ್ತದೆ. ಕಿಡಿ ಹೊತ್ತಿ ಪಿಸ್ಟನ್ ಕೆಳಗಿಳಿಯುವಾಗ ಮೊದಲು ಎಕ್ಸಾಸ್ಟ್ ಪೋರ್ಟ್ ತೆರೆದು ಸುಟ್ಟ ಗಾಳಿ ಹೊರಗೆ ನುಗ್ಗುತ್ತದೆ. ಇನ್ನೊಂದಿಷ್ಟು ಇಳಿದರೆ ಟ್ರಾನ್ಸ್‌ಫರ್ ಪೋರ್ಟ್‌ಗಳು ತೆರೆದು, ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಅನ್ನುವ ಗೂಡಿನಲ್ಲಿ ಒತ್ತಡದಲ್ಲಿದ್ದ ಪೆಟ್ರೋಲು-ಗಾಳಿಯ ಹೊಸ ಮಿಶ್ರಣ ಮೇಲೆ ಬರುತ್ತದೆ. ತೊಂದರೆ ಇರೋದು ಪಿಸ್ಟನ್ ವಾಪಸ್ ಮೇಲೆ ಹೋಗುವಾಗ. ಮೊದಲು ತೆರೆದ ಬಾಗಿಲು ಕೊನೆಗೆ ತಾನೇ ಮುಚ್ಚಬೇಕು? ಟ್ರಾನ್ಸ್‌ಫರ್ ಮುಚ್ಚಿದ ಮೇಲೂ ಎಕ್ಸಾಸ್ಟ್ ಒಂದು ಗಳಿಗೆ ತೆರೆದೇ ಇರುತ್ತದೆ. ಆ ಗಳಿಗೆಯಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯದೇ ಹೊರಗೆ ಸೋರಿಹೋಗುತ್ತದೆ.

ಮೆಜೆಸ್ಟಿಕ್‌ನಲ್ಲಿ ಸಂಜೆ ಹೊತ್ತಿನ ಸಿಟಿ ಬಸ್ ನೆನಪಿಸಿಕೊಳ್ಳಿ. ಒಂದು ಬಾಗಿಲಲ್ಲಿ ಜನ ನುಗ್ಗುತ್ತಾರೆ, ಇನ್ನೊಂದರಲ್ಲಿ ಇಳಿಯುತ್ತಾರೆ. ನೂಕುನುಗ್ಗಲಿನಲ್ಲಿ ಈಗಷ್ಟೇ ಹತ್ತಿದವರೂ ಆ ಕಡೆ ಬಾಗಿಲಿನಿಂದ ಕೆಳಗೆ ಬೀಳುತ್ತಾರೆ. ಆಗ ಕಂಡಕ್ಟರ್ ಬಂದು, ಫುಟ್‌ಬೋರ್ಡಿನಲ್ಲಿ ನೇತಾಡುತ್ತಿರುವವರನ್ನು ಒಳಕ್ಕೆ ತಳ್ಳಿ, ಬಾಗಿಲು ಎಳೆದು "ರೈಟ್ ರೈಟ್" ಅನ್ನಬೇಕು. ಬೇಗ ಬಂದರೆ ಇಳಿಯುವವರಿಗೆ ಅಡ್ಡ. ತಡವಾಗಿ ಬಂದರೆ ಬಾಗಿಲು ಆಗಲೇ ಮುಚ್ಚಿರುತ್ತದೆ.

ಟೂ ಸ್ಟ್ರೋಕ್‌ನಲ್ಲಿ ಈ ಕಂಡಕ್ಟರ್ ಕೆಲಸ ಮಾಡುವುದು ಸದ್ದು. ಎಕ್ಸಾಸ್ಟ್ ಪೋರ್ಟ್ ಪಟ್ ಅಂತ ತೆರೆದಾಗ ಒತ್ತಡದ ಒಂದು ಅಲೆ ಪೈಪಿನಲ್ಲಿ ಓಡುತ್ತದೆ. ಗೋಳಗುಮ್ಮಟದ ಗೋಡೆಗೆ ತಾಗಿದ ಕೂಗಿನ ಹಾಗೆ ಇದೂ ವಾಪಸ್ ಬರುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ಪೈಪು ಮುಂದೆ ಹೋಗುತ್ತಾ ಅಗಲವಾಗುತ್ತಿದ್ದರೆ ವಾಪಸ್ ಬರುವ ಅಲೆ ತಳ್ಳುವುದಿಲ್ಲ, ಎಳೆಯುತ್ತದೆ. ಕಿರಿದಾಗುತ್ತಿದ್ದರೆ ವಾಪಸ್ ಬಂದು ತಳ್ಳುತ್ತದೆ. ಹಾಗಾಗಿ ರೇಸ್ ಗಾಡಿಯ ಪೈಪು ಇಲಿ ನುಂಗಿದ ಹಾವಿನ ಹಾಗೆ ನಡುವೆ ಉಬ್ಬಿರುತ್ತದೆ. ಉಬ್ಬುತ್ತಾ ಹೋಗುವ ಮುಂದಿನ ಕೋನ್ ಸುಟ್ಟ ಗಾಳಿಯನ್ನು ಹೀರಿ ತೆಗೆಯುತ್ತದೆ. ಅದರ ಜೊತೆ ಒಂದಿಷ್ಟು ಹೊಸ ಮಿಶ್ರಣವೂ ಪೈಪಿಗೆ ಬಂದುಬಿಡುತ್ತದೆ. ಹಿಂದಿನ ಕಿರಿದಾಗುವ ಕೋನ್‌ನಿಂದ ತಿರುಗಿ ಬಂದ ಅಲೆ, ಬಾಗಿಲು ಮುಚ್ಚುವ ಮುಂಚೆ ಅದನ್ನು ಸಿಲಿಂಡರ್ ಒಳಕ್ಕೆ ತುರುಕುತ್ತದೆ. ಕೊನೆಯಲ್ಲಿರುವ ಸಣ್ಣ ಬಾಲದ ಕೆಲಸ, ಇಡೀ ಪೈಪಿನ ಒತ್ತಡ ಒಂದು ಹದದಲ್ಲಿ ಇರುವಂತೆ ಹಿಡಿದಿಡುವುದು. ಅದು ತೀರಾ ಕಿರಿದಾದರೆ ಇಂಜಿನ್ ಕಾದು ಕೆಡುತ್ತದೆ. ಅಗಲವಾದರೆ ಏನಾಗುತ್ತದೆ ಅಂತ ನನಗೆ ಬೆಟ್ಟದಲ್ಲೇ ಗೊತ್ತಾಗಿತ್ತು.

ಈಗ ಸಣ್ಣ ಲೆಕ್ಕ. ಆರ್‌ಎಕ್ಸ್ 100 ತನ್ನ 11 ಹಾರ್ಸ್‌ಪವರ್ ಕೊಡುವುದು 7500 ಆರ್‌ಪಿಎಂನಲ್ಲಿ. ಅಂದರೆ ಸೆಕೆಂಡಿಗೆ 125 ಸುತ್ತು, ಸುತ್ತಿಗೆ 8 ಮಿಲಿಸೆಕೆಂಡ್. ಎಕ್ಸಾಸ್ಟ್ ಬಾಗಿಲು ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡ್ ತೆರೆದಿರುತ್ತದೆ ಅಂತ ಇಟ್ಟುಕೊಳ್ಳೋಣ. ಬಿಸಿ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. 4 ಮಿಲಿಸೆಕೆಂಡಿನಲ್ಲಿ 2 ಮೀಟರ್. ಹೋಗಲು ಒಂದು, ಬರಲು ಒಂದು. ಹಾಗಾದರೆ ಹಿಂದಿನ ಕೋನ್ ಪಿಸ್ಟನ್ನಿನಿಂದ ಸುಮಾರು ಒಂದು ಮೀಟರ್ ದೂರದಲ್ಲಿ ಇರಬೇಕು. ಅದೇ ಲೆಕ್ಕದಲ್ಲಿ 12,000 ಆರ್‌ಪಿಎಂಗೆ ಬೇಕಾದ ಪೈಪು 62 ಸೆಂಟಿಮೀಟರ್‌ಗೆ ಇಳಿಯುತ್ತದೆ. ಒಂದು ವೇಗಕ್ಕೆ ಹೊಂದಿಸಿದ ಪೈಪು ಇನ್ನೊಂದು ವೇಗದಲ್ಲಿ ಕೈಕೊಡುತ್ತದೆ. ನಿಧಾನವಾಗಿ ಓಡುವಾಗ ಸಪ್ಪೆ. ಆಮೇಲೆ ಒಂದು ಕಡೆ ತಟ್ಟನೆ ಮೈಮೇಲೆ ದೇವರು ಬಂದ ಹಾಗೆ ಎಳೆಯುತ್ತದೆ. ಹಳೇ ಟೂ ಸ್ಟ್ರೋಕ್ ಓಡಿಸಿದವರು ಪವರ್ ಬ್ಯಾಂಡ್ ಅಂತ ಕಣ್ಣರಳಿಸಿ ಹೇಳುವುದು ಇದನ್ನೇ. ಟ್ಯೂನಿಂಗ್ ಅನ್ನುವ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಕೊಳಲಿನ ಉದ್ದಕ್ಕೂ ಸ್ವರಕ್ಕೂ ಇರುವ ನಂಟೇ ಇಲ್ಲೂ ಇರುವುದು.

ಈ ವಿದ್ಯೆಯನ್ನು ರೇಸಿಗೆ ಪಳಗಿಸಿದವನು ವಾಲ್ಟರ್ ಕಾಡೆನ್. ಪೂರ್ವ ಜರ್ಮನಿಯ ಚೋಪಾವ್ ಊರಿನ ಎಂಜೆಡ್ ಬೈಕ್ ಕಾರ್ಖಾನೆಯ ಇಂಜಿನಿಯರ್. ಯುದ್ಧದ ಕಾಲದಲ್ಲಿ ಪೀನೆಮ್ಯೂಂಡೆಯ ಕ್ಷಿಪಣಿ ಕೇಂದ್ರದಲ್ಲಿ ದುಡಿದಿದ್ದ. ಯುದ್ಧಕ್ಕೆ ಮುಂಚೆ ಟೂ ಸ್ಟ್ರೋಕ್ ರೇಸ್ ಗಾಡಿಗಳು ಮಿಶ್ರಣವನ್ನು ಪಂಪಿನಿಂದ ತುರುಕಿ ಗೆಲ್ಲುತ್ತಿದ್ದವು. 1946ರಲ್ಲಿ ರೇಸಿನಲ್ಲಿ ಹೀಗೆ ಪಂಪಿನಿಂದ ತುರುಕುವ ಸೂಪರ್‌ಚಾರ್ಜಿಂಗ್ ನಿಷೇಧವಾಯಿತು. ಪಂಪು ಬೇಡ ಅಂದರೆ ಬೇಡ, ಪೈಪಿನಿಂದಲೇ ತುರುಕೋಣ ಅಂತ ಕಾಡೆನ್ ಹೊರಟ. ಉಬ್ಬಿದ ಪೈಪಿನ ಕಲ್ಪನೆ ಅವನೊಬ್ಬನದೇ ಅಲ್ಲ, ಪಶ್ಚಿಮ ಜರ್ಮನಿಯ ಡಿಕೆಡಬ್ಲ್ಯೂ ಬೈಕ್ ಕಂಪನಿಯ ರೇಸ್ ತಂಡದಲ್ಲೂ ಅದರ ಪ್ರಯೋಗ ನಡೆದಿತ್ತು. ಆದರೆ ಪೈಪಿನೊಳಗಿನ ಅಲೆಯನ್ನು ಆಸಿಲೋಸ್ಕೋಪ್ ಪರದೆಯಲ್ಲಿ ಕಂಡು, ಕುಯ್ದು, ಬೆಸೆದು, ಮತ್ತೆ ಕುಯ್ದು ಹದಕ್ಕೆ ತಂದವನು ಇವನು. ಇದಕ್ಕೆ ಡ್ಯಾನಿಯಲ್ ತ್ಸಿಮ್ಮರ್‌ಮನ್ ಅನ್ನುವ ಇನ್ನೊಬ್ಬ ಪೂರ್ವ ಜರ್ಮನಿಯವನು ತನ್ನ ರೇಸ್ ಗಾಡಿಗೆ ಅಳವಡಿಸಿದ್ದ ಡಿಸ್ಕ್ ವಾಲ್ವ್ ಕೂಡ ಸೇರಿಕೊಂಡಿತು. ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕಿನ ತುದಿಯಲ್ಲಿ ತಿರುಗುವ, ಒಂದು ಕಡೆ ಕತ್ತರಿಸಿದ ತೆಳು ಉಕ್ಕಿನ ತಟ್ಟೆ ಅದು. ಅದರಿಂದ ಮಿಶ್ರಣ ಒಳಬರುವ ಬಾಗಿಲಿಗೆ ಪಿಸ್ಟನ್ನಿನ ಹಂಗು ತಪ್ಪಿತು.

1961ರ ಹೊತ್ತಿಗೆ ಎಂಜೆಡ್‌ನ 125 ಸಿಸಿ ಸಿಂಗಲ್ ಸಿಲಿಂಡರ್ 10,800 ಆರ್‌ಪಿಎಂನಲ್ಲಿ 25 ಹಾರ್ಸ್‌ಪವರ್ ಕೊಡುತ್ತಿತ್ತು. ಒಂದು ಲೀಟರ್ (1000 ಸಿಸಿ) ಇಂಜಿನ್ನಿಗೆ 200 ಹಾರ್ಸ್‌ಪವರ್‌ನ ಲೆಕ್ಕ. ಟರ್ಬೋ ಇಲ್ಲ, ಕಂಪ್ಯೂಟರ್ ಇಲ್ಲ. ಮಡಿಸಿ ಬೆಸೆದ ಒಂದು ತಗಡಿನ ಪೈಪು, ಅಷ್ಟೇ.

ಆ ವರ್ಷದ ಕಥೆ ಪತ್ತೇದಾರಿ ಕಾದಂಬರಿಗೆ ಕಮ್ಮಿ ಇಲ್ಲ. ಎಂಜೆಡ್ ಸವಾರ ಅರ್ನ್ಸ್ಟ್ ಡೆಗ್ನರ್ 125 ಸಿಸಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮುಂದಿದ್ದ. ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತ್ತು. ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ರೇಸ್. ಗೆದ್ದರೆ ಪಟ್ಟ ಅವನದೇ. ಇಂಜಿನ್ ನಡುದಾರಿಯಲ್ಲಿ ಕೈಕೊಟ್ಟಿತು. ಆ ರೇಸಿನ ನಂತರ ಡೆಗ್ನರ್ ತನ್ನ ದೇಶಕ್ಕೆ ವಾಪಸ್ ಹೋಗಲೇ ಇಲ್ಲ. ಅವನ ಹೆಂಡತಿ ಮಕ್ಕಳನ್ನು ಅದೇ ಸಮಯಕ್ಕೆ ಕಾರಿನಲ್ಲಿ ಅಡಗಿಸಿ ಗಡಿ ದಾಟಿಸಲಾಗಿತ್ತು. ಡೆಗ್ನರ್ ನೇರ ಸುಜುಕಿ ಸೇರಿಕೊಂಡ. ಕಾಡೆನ್ ವರ್ಷಗಟ್ಟಲೆ ಕೂತು ಕಲಿತದ್ದೂ ಅವನ ಜೊತೆ ಜಪಾನಿಗೆ ಹೋಯಿತು. ಮರುವರ್ಷವೇ, 1962ರಲ್ಲಿ, ಸುಜುಕಿ 50 ಸಿಸಿ ವಿಭಾಗದಲ್ಲಿ ವಿಶ್ವ ಚಾಂಪಿಯನ್. ಟೂ ಸ್ಟ್ರೋಕ್‌ಗೆ ಸಿಕ್ಕ ಮೊದಲ ವಿಶ್ವ ಪಟ್ಟ ಅದು. ಫಾರ್ಮುಲಾ ಒನ್ ನೋಡುವವರಿಗೆ ಸುಜುಕಾ ಟ್ರ್ಯಾಕಿನ ಡೆಗ್ನರ್ ತಿರುವು ಗೊತ್ತಿರುತ್ತದೆ. ಇವನು ಬಿದ್ದ ಜಾಗ ಅದು. ಕಾಡೆನ್‌ಗೆ ಮಾತ್ರ ವಿಶ್ವ ಪಟ್ಟ ಒಂದೂ ಸಿಗಲಿಲ್ಲ. ನನಗೆ ಈ ಕಥೆಯಲ್ಲಿ ಹೊಟ್ಟೆ ಚುರ್ ಅನ್ನುವುದು ಇಲ್ಲೇ.

ಚೋಪಾವ್‌ಗೂ ಮೈಸೂರಿಗೂ ಒಂದು ತೆಳುವಾದ ನೆಂಟಸ್ತಿಕೆ ಉಂಟು. ಜಾವಾ ಅನ್ನೋ ಹೆಸರಿನ 'ಜಾ' ಬಂದಿದ್ದು ಅದನ್ನು ಶುರು ಮಾಡಿದ ಯಾನೆಚೆಕ್ ಹೆಸರಿನಿಂದ. 'ವಾ' ಬಂದಿದ್ದು ವಾಂಡರರ್ ಕಂಪನಿಯಿಂದ. ವಾಂಡರರ್ ಇದ್ದದ್ದು ಕೆಮ್ನಿಟ್ಸ್‌ನಲ್ಲಿ, ಚೋಪಾವ್‌ನ ಪಕ್ಕದ ಪಟ್ಟಣ. 1961ರಲ್ಲಿ, ಡೆಗ್ನರ್ ಓಡಿಹೋದ ಅದೇ ವರ್ಷ, ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಜಾವಾಗಳು ಹೊರಬರಲು ಶುರುವಾದವು. ಆಮೇಲೆ ಅವೇ ಯೆಜ್ಡಿ ಆದವು. 250 ಸಿಸಿ ಇಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 75. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಉದ್ದ ಸ್ಟ್ರೋಕಿನ ಈ ಇಂಜಿನ್ ತಾಳ್ಮೆಯ ಎತ್ತು. ಅದನ್ನು ರೇಸ್ ಕುದುರೆ ಮಾಡಲು ಹೊರಟವರು ಮೊದಲು ಕೈಯಿಡುವುದು ಪೋರ್ಟಿಗೆ.

ಆ ಕೆಲಸ ಹತ್ತಿರದಿಂದ ನೋಡಿದ್ದೇನೆ. ಸಿಲಿಂಡರ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಳಗೆ ಒಂದು ಬಿಳಿ ಹಾಳೆ ಸುತ್ತುತ್ತಾರೆ. ಪೋರ್ಟಿನ ಅಂಚಿನ ಮೇಲೆ ಬೆರಳಿನಿಂದ ತಿಕ್ಕಿದರೆ ಎಣ್ಣೆಮಸಿ ಹಾಳೆಗೆ ಅಂಟುತ್ತದೆ. ಹಾಳೆ ಬಿಡಿಸಿದರೆ ಎಲ್ಲ ಕಿಂಡಿಗಳ ನಕ್ಷೆ ರೆಡಿ. ಆಮೇಲೆ ಎಷ್ಟು ಮೇಲಕ್ಕೆ ತೆಗೆಯಬೇಕು ಅಂತ ಗೀರು ಹಾಕಿ ಅರ ಹಿಡಿಯುತ್ತಾರೆ. 50 ಮಿಲಿಮೀಟರ್ ಸ್ಟ್ರೋಕಿನ ಆರ್‌ಎಕ್ಸ್‌ನಲ್ಲಿ ಎಕ್ಸಾಸ್ಟ್ ಪೋರ್ಟನ್ನು ಬರೀ 1 ಮಿಲಿಮೀಟರ್ ಎತ್ತರಿಸಿದರೆ ಬಾಗಿಲು ತೆರೆದಿರುವ ಅವಧಿ 360 ಡಿಗ್ರಿಯ ಒಂದು ಸುತ್ತಿನಲ್ಲಿ ಹೆಚ್ಚು ಕಡಿಮೆ ನಾಲ್ಕೂವರೆ ಡಿಗ್ರಿ ಜಾಸ್ತಿ ಆಗುತ್ತದೆ. ತೆರೆಯುವಾಗ ಅದರ ಅರ್ಧ, ಮುಚ್ಚುವಾಗ ಇನ್ನರ್ಧ. ಮೇಲಿನ ಆರ್‌ಪಿಎಂನಲ್ಲಿ ಜೋರು ಬರುತ್ತದೆ, ಕೆಳಗಿನ ಎಳೆತ ಅಷ್ಟು ಹೋಗುತ್ತದೆ. ಪಕ್ಕಕ್ಕೆ ಅಗಲ ಮಾಡುವುದಕ್ಕೂ ಮಿತಿ ಇದೆ. ಬೋರಿನ 70 ಶೇಕಡಾ ಹತ್ತಿರ ಹೋದರೆ ಪಿಸ್ಟನ್ ರಿಂಗ್ ಕಿಂಡಿಯೊಳಗೆ ಉಬ್ಬಿ ಸಿಕ್ಕಿಕೊಂಡು ಮುರಿಯುವ ಭಯ. ಅದಕ್ಕೇ ಕೊನೆಗೆ ಅಂಚುಗಳ ಚೂಪನ್ನು ಎಮರಿ ಹಾಳೆಯಲ್ಲಿ ಉಜ್ಜಿ ನುಣುಪು ಮಾಡಲೇಬೇಕು. ಕೆಲವರು ಆತುರದಲ್ಲಿ ಇದನ್ನು ಬಿಡುತ್ತಾರೆ. ಅರದಿಂದ ಉಜ್ಜಿ ತೆಗೆದ ಕಬ್ಬಿಣ ವಾಪಸ್ ಬರುವುದಿಲ್ಲ ಅನ್ನುವುದನ್ನೂ ಮರೆಯುತ್ತಾರೆ.

ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡಿನ ಕೆಲಸದಲ್ಲಿ ಒಂದು ಉಪಾಯ ನನಗೆ ಬಹಳ ಇಷ್ಟ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅಂತ ತಿಳಿಯಬೇಕು. ಒಳಗೆ ಕಣ್ಣು ಹೋಗದು. ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ತೂರಿಸಿ, ತುದಿ ಸಿಲಿಂಡರ್ ಗೋಡೆಗೆ ತಾಗುವಂತೆ ಹಿಡಿದು, ಇಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತಾರೆ. ತಂತಿಯ ತುದಿ ಚಪ್ಪಟೆಯಾಗುತ್ತದೆ. ಅದನ್ನು ವರ್ನಿಯರ್‌ನಲ್ಲಿ ಅಳೆದರೆ ಮುಗಿಯಿತು. ಚಿಕ್ಕ ಇಂಜಿನ್ನಿಗೆ 1 ಮಿಲಿಮೀಟರ್ ಆಸುಪಾಸು ಇದ್ದರೆ ಮಿಶ್ರಣ ನಡುವಿಗೆ ಚಿಮ್ಮಿ ಚೆನ್ನಾಗಿ ಉರಿಯುತ್ತದೆ.

ಇಷ್ಟೆಲ್ಲ ಮಾಡಿ ಕಾರ್ಬುರೇಟರ್ ಜೆಟ್, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತು, ಬದಲಾಯಿಸದೇ ಇದ್ದರೆ ಕಥೆ ಮುಗಿದ ಹಾಗೆ. ಗಾಳಿ ಜಾಸ್ತಿ ನುಗ್ಗುತ್ತದೆ, ಪೆಟ್ರೋಲು ಮೊದಲಿನಷ್ಟೇ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗುತ್ತದೆ, ಪಿಸ್ಟನ್ನನ್ನು ತಣ್ಣಗಿಡುವುದರಲ್ಲೂ ಪೆಟ್ರೋಲಿನ ಪಾಲಿದೆ. ಅದು ಕಡಿಮೆಯಾದರೆ ಪಿಸ್ಟನ್ ಕಾದು, ಹಿಗ್ಗಿ, ಬೋರಿಗೆ ಕಚ್ಚಿಕೊಳ್ಳುತ್ತದೆ. ಸೀಜ್ ಅನ್ನುವುದು ಇದಕ್ಕೇ. ನಂಜನಗೂಡು ರಸ್ತೆಯಲ್ಲಿ ನನಗೇ ಹೀಗಾಗಿದೆ. ಆ ಗಾಡಿಗೆ ಪೋರ್ಟಿಂಗ್ ಮಾಡಿಕೊಟ್ಟವರು ಬೇರೆ ಯಾರೋ. ಜೆಟ್ ಹಾಗೇ ಬಿಟ್ಟಿದ್ದರು, ನಾನೂ ಕೇಳಿರಲಿಲ್ಲ. ಸೀಜ್ ಆಗುವ ಮುಂಚಿನ ಎರಡು ಕ್ಷಣ ಗಾಡಿ ಹಿಂದೆಂದೂ ಓಡದಷ್ಟು ಚೆನ್ನಾಗಿ ಓಡಿತು. ಆಮೇಲೆ ಕೀರಲು ಸದ್ದು, ಹಿಂದಿನ ಚಕ್ರ ಲಾಕ್. ಎಡಗೈ ತಾನಾಗಿ ಕ್ಲಚ್ ಹಿಡಿದದ್ದರಿಂದ ಬದುಕಿದೆ. ಆ ಹೊತ್ತಿನಿಂದ ಟೂ ಸ್ಟ್ರೋಕ್ ಓಡಿಸುವಾಗ ಎರಡು ಬೆರಳು ಸದಾ ಕ್ಲಚ್ ಮೇಲೇ ಇರುತ್ತವೆ. ಜೆಟ್ ಸರಿಯಿದೆಯಾ ಅಂತ ನೋಡುವುದು ಹೇಗೆ? ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಆ ಕ್ಷಣವೇ ಇಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಬೇಕು. ಕಾಫಿಪುಡಿ ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ದೊಡ್ಡ ಜೆಟ್ ಹಾಕಿ.

ಪೋರ್ಟು ಮತ್ತು ಪೈಪು ಎಷ್ಟು ಬದಲಾವಣೆ ತರಬಲ್ಲವು ಅನ್ನೋದಕ್ಕೆ ನಮ್ಮಲ್ಲೇ ಕಂಪನಿ ಲೆಕ್ಕದ ಸಾಕ್ಷಿ ಇದೆ. ಯಮಹಾದ ಮೂಲ ಆರ್‌ಡಿ 350 ಕೊಡುತ್ತಿದ್ದದ್ದು 39 ಹಾರ್ಸ್‌ಪವರ್. 1983ರಲ್ಲಿ ಅದು ರಾಜದೂತ್ 350 ಆಗಿ ಇಲ್ಲಿಗೆ ಬಂದಾಗ, ಮೈಲೇಜಿಗೋಸ್ಕರ ಇಂಜಿನ್ನಿನ ಉಸಿರು ಕಟ್ಟಿದ್ದರು. ಮೊದಲ ಮಾದರಿಯಲ್ಲಿ 30.5, ಆಮೇಲಿನ ಲೋ ಟಾರ್ಕ್ ಮಾದರಿಯಲ್ಲಿ 27. ಅದೇ 347 ಸಿಸಿ, ಅದೇ ಬೋರ್, ಅದೇ ಸ್ಟ್ರೋಕ್. ಬೆಂಗಳೂರಿನ ಹಳೇ ಗ್ಯಾರೇಜುಗಳಲ್ಲಿ ಇವತ್ತಿಗೂ ಜನ ಅರ ಹಿಡಿದು ಕೂರುವುದು, ಕಂಪನಿ ಕಟ್ಟಿಹಾಕಿದ್ದನ್ನು ಬಿಚ್ಚಲು.

ನನ್ನ ಆರ್‌ಎಕ್ಸ್ ಬಾಲವನ್ನು ಆ ಮೆಕ್ಯಾನಿಕ್ಕೇ ವಾಪಸ್ ಬೆಸೆದುಕೊಟ್ಟರು. ಕುಯ್ದ ತುಂಡು ಕಳೆದುಹೋಗಿತ್ತು. ಗುಜರಿಯಿಂದ ಬೇರೊಂದು ಸೈಲೆನ್ಸರ್ ತಂದು, ಬಾಲದ ಒಳಗಿನ ಅಳತೆಯನ್ನು ವರ್ನಿಯರ್‌ನಲ್ಲಿ ಮೂರು ಸಲ ನೋಡಿ, ಆಮೇಲೆ ಕೂರಿಸಿದರು. ಬೆಟ್ಟಕ್ಕೆ ಮತ್ತೆ ಮೂರನೇ ಗೇರು ಸಾಕಾಯಿತು. ಅಮ್ಮನಿಗೆ ಮಾತ್ರ ನಾನು ಬಾಗಿಲು ತಟ್ಟುವವರೆಗೂ ಬಂದದ್ದು ಗೊತ್ತಾಗುತ್ತಿರಲಿಲ್ಲ.