ಉಗುರಿಗೆ ತೆರೆಯುತ್ತಿದ್ದ ಮುಚ್ಚಳ

ಮೇ ತಿಂಗಳ ಒಂದು ಮಧ್ಯಾಹ್ನ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಸರದಿ ಕಾಯುತ್ತಾ ಕುಳಿತಿದ್ದೆ. ಹೊರಗೆ ಬಿಸಿಲು 42 ಡಿಗ್ರಿ ದಾಟಿತ್ತು. ನನಗಿಂತ ಮೊದಲು ಬಂದಿದ್ದವರು ದೇವದುರ್ಗದ ಕಡೆಯ ಹೆಣ್ಣುಮಗಳು. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪಿನ ಮೇಲ್ವಿಚಾರಕಿ. ಕೂಲಿಕಾರರ ಹಾಜರಾತಿಯನ್ನು ದಿನಕ್ಕೆ ಎರಡು ಸಲ ಫೋಟೊ ಸಮೇತ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸುವುದು 2023ರ ಜನವರಿಯಿಂದ ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಕಡ್ಡಾಯವಾಯಿತು. ಹಾಗಾಗಿ ಅವರ ಕೈಯಲ್ಲಿದ್ದ ಫೋನ್ ಇಡೀ ಗುಂಪಿನ ಹಾಜರಿ ಪುಸ್ತಕವೂ ಆಗಿತ್ತು. "ಚಾರ್ಜ್ ನಿಲ್ಲುವುದೇ ಇಲ್ಲ ಅಣ್ಣಾ. ಎರಡನೆಯ ಫೋಟೊ ತೆಗೆಯುವ ಹೊತ್ತಿಗೆ ಆಫ್ ಆಗಿರುತ್ತದೆ" ಎಂದು ಅವರು ಹೇಳುತ್ತಿದ್ದರು.

ಅಂಗಡಿಯವರು ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಡ್ಡಲಾಗಿ ನೋಡಿದರು. ಪರದೆಯ ಒಂದು ಅಂಚು ಕೂದಲೆಳೆಯಷ್ಟು ಮೇಲೆದ್ದಿತ್ತು. "ಬ್ಯಾಟರಿ ಉಬ್ಬಿದೆ ಅಕ್ಕಾ. ಬದಲಿಸಿಕೊಡುತ್ತೇನೆ. ಆದರೆ ಬಿಚ್ಚುವಾಗ ಡಿಸ್‌ಪ್ಲೇ ಒಡೆದರೆ ನನ್ನನ್ನು ಕೇಳಬಾರದು" ಎಂದರು. ಆಕೆ ತುಸು ಹೊತ್ತು ಸುಮ್ಮನಿದ್ದು, ಆಗಲಿ ಎಂದು ತಲೆಯಾಡಿಸಿದರು. ಫೋನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಕ್ಯಾಮೆರಾ, ಸ್ಪೀಕರ್, ಪರದೆ ಎಲ್ಲವೂ ಗಟ್ಟಿಮುಟ್ಟಾಗಿದ್ದವು. ಬಿಸಿಗಾಳಿ ಊದಿ ಅಂಟು ಮೆತ್ತಗೆ ಮಾಡಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ, ಉಬ್ಬಿದ ಬ್ಯಾಟರಿಗೆ ಗೀರು ಬೀಳದಂತೆ ಉಸಿರು ಹಿಡಿದು ಎಬ್ಬಿಸುವುದರಲ್ಲಿ ಮುಕ್ಕಾಲು ಗಂಟೆ ಕಳೆಯಿತು.

ನನ್ನ ಅಪ್ಪನ ಬಳಿ ನೋಕಿಯಾ 1100 ಇತ್ತು. 2003ರಲ್ಲಿ ಬಂದ ಆ ಫೋನ್ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ಹಿಂದಿನ ಮುಚ್ಚಳ ಹೆಬ್ಬೆರಳಿನಿಂದ ಒತ್ತಿ ಜಾರಿಸಿದರೆ ತೆರೆದುಕೊಳ್ಳುತ್ತಿತ್ತು. ಒಳಗಿದ್ದ ಬಿಎಲ್-5ಸಿ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿದರೆ ಸಾಕು, ಕೈಗೆ ಬರುತ್ತಿತ್ತು. ಹತ್ತು ಸೆಕೆಂಡಿನ ಕೆಲಸ. ಹೊಲದಿಂದ ಬಂದ ಅಪ್ಪ ಒದ್ದೆಯಾದ ಫೋನನ್ನು ಬಿಚ್ಚಿ, ಬ್ಯಾಟರಿಯನ್ನು ಬೇರೆ ಇಟ್ಟು, ಪಂಚೆಯ ತುದಿಯಿಂದ ಒರೆಸಿ ಮತ್ತೆ ಕೂಡಿಸುತ್ತಿದ್ದರು. ಓದು ಬರಹ ಕಡಿಮೆಯಿದ್ದ ಅವರು ತಮ್ಮ ಕೈಯಿಂದಲೇ ರಿಪೇರಿ ಮಾಡುತ್ತಿದ್ದ ಏಕೈಕ ಎಲೆಕ್ಟ್ರಾನಿಕ್ ವಸ್ತು ಅದು. ನಮ್ಮಂಥ ಬಿಸಿಲು ನಾಡಿನ ಜನರಿಗೆ ಆ ಸೌಲಭ್ಯ ಬೇರೆಯವರಿಗಿಂತ ಹೆಚ್ಚು ಬೇಕಾಗಿತ್ತು, ಅದೇ ನಮ್ಮ ಕೈತಪ್ಪಿ ಹೋಯಿತು ಎಂಬ ನೋವು ಆ ಮಧ್ಯಾಹ್ನ ನನ್ನನ್ನು ಬಲವಾಗಿ ಕಾಡಿತು.

ಹೆಚ್ಚು ಏಕೆ ಬೇಕು? ಉತ್ತರ ಬ್ಯಾಟರಿಯೊಳಗಿನ ರಸಾಯನ ವಿಜ್ಞಾನದಲ್ಲಿದೆ.

ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಎರಡು ಮನೆಗಳಿವೆ. ಒಂದು ಕಡೆ ಗ್ರಾಫೈಟ್ ಪದರಗಳು, ಅಂದರೆ ಪೆನ್ಸಿಲಿನ ಕಡ್ಡಿಯಲ್ಲಿರುವ ಇಂಗಾಲವೇ. ಇನ್ನೊಂದು ಕಡೆ ಕೋಬಾಲ್ಟ್‌ನಂಥ ಲೋಹದ ಆಕ್ಸೈಡಿನ ಪದರಗಳು. ನಡುವೆ ಸೂಕ್ಷ್ಮ ರಂಧ್ರಗಳಿರುವ ಪ್ಲಾಸ್ಟಿಕ್ ತೆರೆ, ಅದನ್ನು ನೆನೆಸಿರುವ ದ್ರಾವಣ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನ ಮನೆ ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಫೋನ್ ಬಳಸುವಾಗ ಮರಳಿ ಬರುತ್ತವೆ. ಬ್ರಿಟನ್ ಮೂಲದ ಸ್ಟಾನ್ಲಿ ವಿಟಿಂಗ್‌ಹ್ಯಾಮ್ 1970ರ ದಶಕದಲ್ಲಿ ಈ ದಾರಿಯನ್ನು ತೋರಿಸಿದರು. 1980ರಲ್ಲಿ ಜಾನ್ ಗುಡಿನಫ್ ಕೋಬಾಲ್ಟ್ ಆಕ್ಸೈಡನ್ನು ಮುಂದಿಟ್ಟರು. ಜಪಾನಿನ ಅಕಿರಾ ಯೋಶಿನೊ 1985ರಲ್ಲಿ ಇಂಗಾಲದ ಮನೆಯನ್ನು ಜೋಡಿಸಿ ಸುರಕ್ಷಿತ ರೂಪ ಕೊಟ್ಟರು. 1991ರಲ್ಲಿ ಸೋನಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ ನೊಬೆಲ್ ಬಂದದ್ದು 2019ರಲ್ಲಿ. ಆಗ ಗುಡಿನಫ್ ಅವರಿಗೆ 97 ವರ್ಷ.

ಅಯಾನುಗಳ ಈ ಓಡಾಟ ಕೊನೆಯಿಲ್ಲದೆ ನಡೆಯಬೇಕಿತ್ತು. ನಡೆಯುವುದಿಲ್ಲ. ಮೊದಲ ಸಲ ಚಾರ್ಜ್ ಮಾಡಿದಾಗಲೇ ದ್ರಾವಣದ ಸ್ವಲ್ಪ ಭಾಗ ಒಡೆದು ಗ್ರಾಫೈಟಿನ ಮೇಲೆ ತೆಳುವಾದ ಪೊರೆಯಾಗಿ ಕಟ್ಟಿಕೊಳ್ಳುತ್ತದೆ. ಆ ಪೊರೆ ಬೇಕು, ಅದಿಲ್ಲದಿದ್ದರೆ ದ್ರಾವಣ ಪೂರ್ತಿ ಕೆಡುತ್ತಾ ಹೋಗುತ್ತದೆ. ಆದರೆ ಪೊರೆ ಅಷ್ಟಕ್ಕೇ ನಿಲ್ಲದೆ ದಿನದಿನಕ್ಕೆ ದಪ್ಪವಾಗುತ್ತದೆ, ಆಗುವಾಗ ಒಂದಿಷ್ಟು ಲಿಥಿಯಂ ಅನ್ನು ತನ್ನೊಳಗೆ ಕಾಯಂ ಆಗಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಸಿಕ್ಕಿಬಿದ್ದ ಲಿಥಿಯಂ ಮುಂದೆ ಕೆಲಸಕ್ಕೆ ಬರುವುದಿಲ್ಲ.

ಸಿಂಧನೂರು, ಮಾನ್ವಿ ಕಡೆಯ ರೈತರಿಗೆ ಇದನ್ನು ವಿವರಿಸಲು ಬೇರೆ ಹೋಲಿಕೆ ಬೇಡ. ತುಂಗಭದ್ರಾ ಜಲಾಶಯ 1953ರಲ್ಲಿ ನೀರು ತುಂಬಿಕೊಳ್ಳತೊಡಗಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೊಳೆಯ ಜೊತೆ ಬಂದ ಹೂಳು ವರ್ಷವರ್ಷವೂ ತಳದಲ್ಲಿ ಕೂರುತ್ತಾ ಬಂದು ಈಗ ಉಳಿದಿರುವುದು ಸುಮಾರು 105.8 ಟಿಎಂಸಿ ಅಡಿ. ಅಣೆಕಟ್ಟೆಯ ಎತ್ತರ ಅಷ್ಟೇ ಇದೆ, ತುಂಬಿದಾಗ ನೀರಿನ ಮಟ್ಟವೂ ಅಷ್ಟೇ ಕಾಣುತ್ತದೆ, ಆದರೆ ಒಳಗೆ ಹಿಡಿಯುವ ನೀರು ಕಡಿಮೆ. ಹಳೆಯ ಬ್ಯಾಟರಿ ನೂರು ಪ್ರತಿಶತ ಎಂದು ತೋರಿಸುವುದೂ ಹೀಗೆಯೇ. ಲೆಕ್ಕ ಹಾಕಿದರೆ ಜಲಾಶಯದಲ್ಲಿ ಉಳಿದಿರುವುದು ಮೂಲದ ಶೇ 80ರಷ್ಟು. ಬ್ಯಾಟರಿ ಉದ್ಯಮವೂ ಬ್ಯಾಟರಿಯ ಆಯುಷ್ಯ ಮುಗಿಯಿತು ಎಂದು ಎಣಿಸುವ ಗೆರೆಯನ್ನು ಸಾಮಾನ್ಯವಾಗಿ ಶೇ 80ಕ್ಕೇ ಹಾಕಿಕೊಂಡಿದೆ. ಜಲಾಶಯಕ್ಕೆ 70 ವರ್ಷ ಬೇಕಾದ ಸವೆತ ಸಾಧಾರಣ ಫೋನ್ ಬ್ಯಾಟರಿಗೆ 500 ಸಲದ ಪೂರ್ಣ ಚಾರ್ಜಿನ ಆಸುಪಾಸಿನಲ್ಲಿ ಬಂದುಬಿಡುತ್ತದೆ.

ಶೇ 30 ಚಾರ್ಜ್ ತೋರಿಸುತ್ತಿದ್ದ ಫೋನ್ ಕ್ಯಾಮೆರಾ ತೆರೆದ ತಕ್ಷಣ ಆರಿಹೋಗುವುದಕ್ಕೆ ಕಾರಣ ಮತ್ತೊಂದು. ಪೊರೆ ದಪ್ಪವಾದಷ್ಟೂ ಬ್ಯಾಟರಿಯೊಳಗಿನ ರೋಧ ಹೆಚ್ಚುತ್ತದೆ. ಒಮ್ಮೆಗೇ ಹೆಚ್ಚು ವಿದ್ಯುತ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಫೋನ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಎಲ್ಲರೂ ಒಟ್ಟಿಗೆ ನೀರು ತಿರುಗಿಸಿಕೊಂಡಾಗ ಕೊನೆಯ ಭಾಗದ ಗದ್ದೆಗೆ ಏನಾಗುತ್ತದೆಯೋ ಅದೇ ಇದು: ಜಲಾಶಯದಲ್ಲಿ ನೀರಿದೆ, ತೂಬಿನಲ್ಲಿ ಇಲ್ಲ. ಆ ಕಾಯಕ ಬಂಧುವಿನ ಫೋನ್ ಸರಿಯಾಗಿ ಎರಡನೆಯ ಫೋಟೊ ಹೊತ್ತಿಗೇ ಕೈಕೊಡುತ್ತಿದ್ದುದು ಕಾಕತಾಳೀಯವಾಗಿರಲಿಲ್ಲ. ಕ್ಯಾಮೆರಾ, ಜಿಪಿಎಸ್, ಬಿಸಿಲಿಗಾಗಿ ಪೂರ್ತಿ ಏರಿಸಿದ ಪರದೆಯ ಬೆಳಕು, ದುರ್ಬಲ ಸಿಗ್ನಲ್ ಹುಡುಕಾಟ, ಎಲ್ಲವೂ ಒಂದೇ ಗಳಿಗೆಯಲ್ಲಿ ವಿದ್ಯುತ್ ಬೇಡುತ್ತವೆ.

ಈಗ ಬಿಸಿಲಿನ ಮಾತು. ರಾಸಾಯನಿಕ ಕ್ರಿಯೆಗಳ ವೇಗ ಉಷ್ಣತೆಯ ಜೊತೆ ಹೇಗೆ ಏರುತ್ತದೆ ಎಂಬುದನ್ನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಸೂತ್ರವಾಗಿ ಬರೆದರು. ಒರಟಾಗಿ ಹೇಳುವುದಾದರೆ ಪ್ರತಿ 10 ಡಿಗ್ರಿ ಏರಿಕೆಗೆ ವೇಗ ಎರಡರಷ್ಟು. 25 ಡಿಗ್ರಿಯ ಕೋಣೆಯಲ್ಲಿ ಬೆಳೆಯುವ ಪೊರೆ 45 ಡಿಗ್ರಿಯಲ್ಲಿ ಸರಿಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬೆಳೆಯುತ್ತದೆ ಎಂದು ಅಂದಾಜಿಸಬಹುದು. ಬ್ಯಾಟರಿ ತಂತ್ರಜ್ಞರು ಸಾಮಾನ್ಯವಾಗಿ ಕೊಡುವ ಇನ್ನೊಂದು ಲೆಕ್ಕವೂ ಇದೆ. ಶೇ 40 ಚಾರ್ಜಿನಲ್ಲಿ, 25 ಡಿಗ್ರಿಯಲ್ಲಿ ಒಂದು ವರ್ಷ ಸುಮ್ಮನೆ ಇಟ್ಟ ಬ್ಯಾಟರಿ ತನ್ನ ಸಾಮರ್ಥ್ಯದಲ್ಲಿ ಶೇ 4ರಷ್ಟು ಕಳೆದುಕೊಳ್ಳುತ್ತದೆ. ಪೂರ್ತಿ ಚಾರ್ಜಿನಲ್ಲಿ, 40 ಡಿಗ್ರಿಯಲ್ಲಿ ಇಟ್ಟರೆ ಕಳೆದುಕೊಳ್ಳುವುದು ಶೇ 35ರಷ್ಟು. ಬಳಸದೆ ಇಟ್ಟರೂ ಇಷ್ಟು.

ಆ್ಯಪಲ್ ಕಂಪನಿ ತನ್ನ ಫೋನುಗಳನ್ನು 0ರಿಂದ 35 ಡಿಗ್ರಿ ಹವೆಯಲ್ಲಿ ಬಳಸಬೇಕೆಂದೂ, 35 ದಾಟಿದರೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗಬಹುದೆಂದೂ ಬಳಕೆದಾರರಿಗೆ ತಿಳಿಸುತ್ತದೆ. ರಾಯಚೂರಿನಲ್ಲಿ ಮಾರ್ಚ್‌ನಿಂದ ಜೂನ್ ಆರಂಭದವರೆಗೆ ಮಧ್ಯಾಹ್ನದ ಹೊತ್ತು 35 ಡಿಗ್ರಿಗಿಂತ ಕೆಳಗಿರುವ ದಿನಗಳನ್ನು ಹುಡುಕಬೇಕು. ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದ ಫೋನ್, ಟ್ರ್ಯಾಕ್ಟರಿನ ಬಾನೆಟ್ ಮೇಲಿಟ್ಟ ಫೋನ್, ತಗಡಿನ ಮನೆಯಲ್ಲಿ ಚಾರ್ಜಿಗೆ ಹಾಕಿದ ಫೋನ್ ಇವುಗಳ ಒಳಗಿನ ಉಷ್ಣತೆ ಹೊರಗಿನದಕ್ಕಿಂತಲೂ ಹೆಚ್ಚು. ಕೈಪಿಡಿ ಬರೆದವರು ಎಚ್ಚರಿಕೆ ಎಂದು ಹೇಳಿದ ಸ್ಥಿತಿ ನಮಗೆ ನಿತ್ಯದ ಬದುಕು. ಹೀಗಿರುವಾಗ ಬ್ಯಾಟರಿಯನ್ನು ಫೋನಿನ ಹೊಟ್ಟೆಯಲ್ಲಿ ಅಂಟಿಸಿಬಿಡುವುದೆಂದರೆ ಸೈಕಲ್ ಟೈರನ್ನು ಚಕ್ರಕ್ಕೆ ಬೆಸುಗೆ ಹಾಕಿದಂತೆ.

ದ್ರಾವಣ ಒಡೆಯುವಾಗ ಇಂಗಾಲದ ಡೈಆಕ್ಸೈಡ್, ಎಥಿಲೀನ್ ಮುಂತಾದ ಅನಿಲಗಳೂ ಹುಟ್ಟುತ್ತವೆ. ಬ್ಯಾಟರಿ ಉಬ್ಬುವುದು ಇವುಗಳಿಂದಲೇ. ಹಿಂದೆ ಅಂಗಡಿಯವರು ಬ್ಯಾಟರಿಯನ್ನು ಗಾಜಿನ ಮೇಜಿನ ಮೇಲಿಟ್ಟು ಬೆರಳಿನಿಂದ ಬುಗುರಿಯಂತೆ ತಿರುಗಿಸುತ್ತಿದ್ದರು. ತಿರುಗಿದರೆ ಉಬ್ಬಿದೆ ಎಂದರ್ಥ, ಚಪ್ಪಟೆಯಾಗಿದ್ದರೆ ತಿರುಗುವುದಿಲ್ಲ. ಇಷ್ಟು ಸರಳವಾದ, ಇಷ್ಟು ಚೆಂದದ ಪರೀಕ್ಷೆ ಅಂಟಿಸಿದ ಫೋನಿನಲ್ಲಿ ಸಾಧ್ಯವೇ ಇಲ್ಲ. ಅಲ್ಲಿ ಉಬ್ಬು ಹೊರಗೆ ಕಾಣಿಸುವುದು ಪರದೆಯನ್ನೋ ಹಿಂಬದಿಯನ್ನೋ ತಳ್ಳಿ ಎಬ್ಬಿಸಿದ ಮೇಲೆ.

ಅಪಾಯದ ವಿಷಯದಲ್ಲಿ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. 2007ರ ಆಗಸ್ಟ್‌ನಲ್ಲಿ ನೋಕಿಯಾ ಒಂದು ಎಚ್ಚರಿಕೆ ಹೊರಡಿಸಿತು. ಮತ್ಸುಶಿತಾ ಕಂಪನಿ 2005ರ ಡಿಸೆಂಬರ್ ಮತ್ತು 2006ರ ನವೆಂಬರ್ ನಡುವೆ ತಯಾರಿಸಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗಬಹುದು, ಬೇಕಾದವರು ಬದಲಿಸಿಕೊಳ್ಳಬಹುದು ಎಂದಿತು. ಬ್ಯಾಟರಿಯ ಹಿಂದೆ ಅಚ್ಚಾಗಿದ್ದ 26 ಅಕ್ಷರಗಳ ಸಂಕೇತ ಹೇಳಿದರೆ ಅದು ಆ ಪಟ್ಟಿಯಲ್ಲಿದೆಯೋ ಇಲ್ಲವೋ ತಿಳಿಯುತ್ತಿತ್ತು. ಊರಿನಲ್ಲಿ ಆ ವಾರವಿಡೀ ಗಾಬರಿ. ಅಪ್ಪ ಬ್ಯಾಟರಿಯನ್ನು ತೆಗೆದು ಹೊರಗಿನ ಕಟ್ಟೆಯ ಮೇಲಿಟ್ಟರು. ನಾನು ಭೂತಗನ್ನಡಿ ಹಿಡಿದು ಆ ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಂಡೆ. ನಮ್ಮದು ಪಟ್ಟಿಯಲ್ಲಿರಲಿಲ್ಲ. ಇದ್ದಿದ್ದರೂ ಬದಲಾಗಬೇಕಾದದ್ದು ಬೆಂಕಿಪೆಟ್ಟಿಗೆ ಗಾತ್ರದ ಒಂದು ಬಿಡಿಭಾಗ ಮಾತ್ರ. 2016ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ಬ್ಯಾಟರಿಗಳು ಹೊತ್ತಿಕೊಂಡಾಗ ಬ್ಯಾಟರಿ ಬೇರ್ಪಡಿಸುವ ದಾರಿಯೇ ಇರಲಿಲ್ಲ. ಮೊದಲ ಸುತ್ತಿನಲ್ಲೇ 25 ಲಕ್ಷ ಫೋನುಗಳನ್ನು ಇಡಿಯಾಗಿ ವಾಪಸು ಕರೆಯಬೇಕಾಯಿತು, ಕೊನೆಗೆ ಆ ಮಾದರಿಯ ತಯಾರಿಕೆಯೇ ನಿಂತಿತು. ದೋಷ ಎರಡೂ ಸಲ ಬ್ಯಾಟರಿಯದೇ.

ಅಂಟಿಸುವುದಕ್ಕೆ ಕಂಪನಿಗಳು ಕೊಡುವ ಕಾರಣಗಳು ಸುಳ್ಳಲ್ಲ. ಕೈಗೆ ಬರುವ ಬ್ಯಾಟರಿಗೆ ಗಟ್ಟಿ ಕವಚ ಬೇಕು, ಆ ಕವಚ ಜಾಗ ತಿನ್ನುತ್ತದೆ. ಮೆತ್ತನೆಯ ಚೀಲದಂಥ ಬ್ಯಾಟರಿಯನ್ನು ಅಂಟಿಸಿದರೆ ಅದೇ ಜಾಗದಲ್ಲಿ ಹೆಚ್ಚು ಶಕ್ತಿ ತುಂಬಬಹುದು. ಅಪ್ಪನ ಬ್ಯಾಟರಿಯಲ್ಲಿ ನಾಲ್ಕು ವ್ಯಾಟ್-ಗಂಟೆಗೂ ಕಡಿಮೆ ಶಕ್ತಿಯಿತ್ತು, ಇಂದಿನ 5000 ಎಂಎಎಚ್ ಬ್ಯಾಟರಿಯಲ್ಲಿ 19 ವ್ಯಾಟ್-ಗಂಟೆಯಷ್ಟಿದೆ. ನೀರು ಧೂಳು ಒಳಹೋಗದಂತೆ ಮುಚ್ಚುವುದೂ ಅಂಟಿನಿಂದ ಸುಲಭ. ಆದರೆ ಸುಲಭ ಎಂದರೆ ಅನಿವಾರ್ಯ ಎಂದಲ್ಲ. 2014ರ ಗ್ಯಾಲಕ್ಸಿ ಎಸ್5 ಫೋನಿನ ಹಿಂಬದಿ ಉಗುರಿನಿಂದ ತೆರೆಯುತ್ತಿತ್ತು, ರಬ್ಬರ್ ಪಟ್ಟಿಯ ಬಲದಿಂದ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತಿತ್ತು. ಮರುವರ್ಷವೇ ಬಂದ ಎಸ್6ರಲ್ಲಿ ಬ್ಯಾಟರಿ ಒಳಗೆ ಸೇರಿತು, ನೀರು ತಡೆಯುವ ಗುಣವೂ ಹೋಯಿತು! ನೆದರ್ಲೆಂಡ್ಸ್‌ನ ಫೇರ್‌ಫೋನ್ ಇಂದಿಗೂ ಬಳಕೆದಾರರೇ ಬದಲಿಸಬಹುದಾದ ಬ್ಯಾಟರಿ ಇಟ್ಟೇ ಫೋನ್ ಮಾಡುತ್ತಿದೆ.

ಯುರೋಪ್ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರುವರಿ 18ರಿಂದ ಚಿಕ್ಕ ಉಪಕರಣಗಳ ಬ್ಯಾಟರಿಗಳನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು. ಫೋನುಗಳಿಗೆ ಸಂಬಂಧಿಸಿದ ಇನ್ನೊಂದು ನಿಯಮ 2025ರ ಜೂನ್ 20ರಿಂದ ಜಾರಿಯಲ್ಲಿದೆ. ಅದರಲ್ಲೊಂದು ವಿನಾಯಿತಿ ಇದೆ: 500 ಸುತ್ತಿನ (ಅಂದರೆ 500 ಪೂರ್ಣ ಚಾರ್ಜಿನ) ನಂತರ ಶೇ 83, 1000 ಸುತ್ತಿನ ನಂತರ ಶೇ 80 ಸಾಮರ್ಥ್ಯ ಉಳಿಸಿಕೊಳ್ಳುವ ಬ್ಯಾಟರಿಯಿದ್ದು, ಫೋನ್ ನೀರು ಧೂಳನ್ನು ತಡೆಯುವಂತಿದ್ದರೆ, ಬ್ಯಾಟರಿ ಬದಲಾವಣೆಯನ್ನು ನುರಿತ ರಿಪೇರಿಯವರಿಗೆ ಬಿಡಬಹುದು. ಈ ವಿನಾಯಿತಿಯ ಬಗ್ಗೆ ನನಗೆ ತಕರಾರಿದೆ. ಇಂಥ ಸುತ್ತುಗಳ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು 25 ಡಿಗ್ರಿ ಆಸುಪಾಸಿನ ತಂಪು ಕೋಣೆಯಲ್ಲಿ. ಅಲ್ಲಿ ಸಾವಿರ ಸುತ್ತು ಬಾಳಿದ ಬ್ಯಾಟರಿ ಶಕ್ತಿನಗರದಲ್ಲೋ ಲಿಂಗಸುಗೂರಿನಲ್ಲೋ ಅಷ್ಟೇ ಬಾಳುವುದಿಲ್ಲ. ನಮ್ಮ ದೇಶದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದಿದೆ. ಒಳ್ಳೆಯ ಹೆಜ್ಜೆ. ಅದರ ಮುಂದಿನ ಹೆಜ್ಜೆಯಾಗಿ ಫೋನಿನ ಡಬ್ಬಿಯ ಮೇಲೆ 40 ಡಿಗ್ರಿಯಲ್ಲಿ ಬ್ಯಾಟರಿ ಎಷ್ಟು ಸುತ್ತು ಬಾಳುತ್ತದೆ ಎಂಬ ಸಂಖ್ಯೆ ಅಚ್ಚಾಗಬೇಕು. ಬಿಸಿಲಿನಲ್ಲಿ ದುಡಿಯುವವರು ಈ ದೇಶದಲ್ಲಿ ಕೋಟಿಗಟ್ಟಲೆ ಇದ್ದಾರೆ.

ಬ್ಯಾಟರಿಗಾಗಿ ಫೋನನ್ನೇ ಮೂಲೆಗೆ ಎಸೆದಾಗ ಏನೇನು ಹೋಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯ ಹಟ್ಟಿ ಚಿನ್ನದ ಗಣಿಯನ್ನು ನೆನೆಯಬೇಕು. ಅಲ್ಲಿ ನೆಲದಾಳದಿಂದ ತೆಗೆದ ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ನೂರಾರು ಗ್ರಾಂ ಇರುತ್ತದೆ.

ಬದಲಿಸುವಾಗ ಎಚ್ಚರ ಬೇಕು. ಬ್ಯಾಟರಿಯ ಮೇಲೆ ಐಎಸ್ 16046 ಎಂಬ ಮಾನಕ ಸಂಖ್ಯೆಯೂ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿಕೊಳ್ಳಿ. ಅದೇ ಗಾತ್ರದಲ್ಲಿ ಎರಡು ಪಟ್ಟು ಎಂಎಎಚ್ ಎಂದು ಬರೆದಿದ್ದರೆ ನಂಬಬೇಡಿ. ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ಹನಿ ಕಟ್ಟುತ್ತದೆ. ಬೇಸಿಗೆಯಲ್ಲಿ ಶೇ 80ರವರೆಗೆ ಮಾತ್ರ ಚಾರ್ಜ್ ಮಾಡಿ, ರಾತ್ರಿಯ ತಂಪಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು.

ಆ ಮಧ್ಯಾಹ್ನ ಕಾಯಕ ಬಂಧುವಿನ ಫೋನಿನ ಪರದೆ ಒಡೆಯಲಿಲ್ಲ. ಹೊಸ ಬ್ಯಾಟರಿ ಕೂತಿತು, ಆಕೆ ಅಲ್ಲೇ ಒಂದು ಫೋಟೊ ತೆಗೆದು ನೋಡಿ, ದುಡ್ಡು ಎಣಿಸಿಕೊಟ್ಟು, ದೇವದುರ್ಗದ ಬಸ್ಸಿಗೆ ಓಡಿದರು. ಅಂಗಡಿಯವರು ಉಬ್ಬಿದ ಹಳೆಯ ಬ್ಯಾಟರಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಮೇಜಿನ ಕೆಳಗಿದ್ದ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಹೂತರು. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಯಾರಾದರೂ ಬಂದು ಒಯ್ಯುತ್ತಾರೆಯೇ ಎಂದು ಕೇಳಿದೆ. ಅವರು ಮೇಜಿನ ಕೆಳಗೆ ಬಗ್ಗಿ, ಅಂಥವೇ ಇನ್ನೂ ಮೂರು ಡಬ್ಬಿಗಳನ್ನು ತೋರಿಸಿದರು.