ಪದ ಪರಿಚಯ: ವೆಚ್ಚ ಪರಿಣಾಮಕಾರಿತ್ವ (ಮಲೇರಿಯಾ ತಡೆಯ ಲೆಕ್ಕ)

ಮಳೆಗಾಲದಲ್ಲಿ ಊರಿನ ನಾಲ್ಕು ಮಂದಿ ಜ್ವರದಿಂದ ಮಲಗಿದರೆ ಮಂಡ್ಯ ಕಡೆಯ ಹಳ್ಳಿಗಳಲ್ಲಿ ಪಂಚಾಯಿತಿಯ ಮುಂದೆ ಬರುವ ಮೊದಲ ಬೇಡಿಕೆ, 'ಫಾಗಿಂಗ್ ಮಾಡಿಸಿ'. ಯಂತ್ರ ಬರುತ್ತದೆ, ಬೀದಿ ತುಂಬ ಹೊಗೆ ಏಳುತ್ತದೆ, ಏನೋ ಕೆಲಸ ಆಯಿತೆಂದು ಜನರಿಗೂ ಸಮಾಧಾನ. ಆ ಹೊಗೆಗೆ ಹಾಕಿದ ದುಡ್ಡಿನಿಂದ ಎಷ್ಟು ಜನರಿಗೆ ಮಲೇರಿಯಾ ತಪ್ಪಿತು ಎಂದು ಕೇಳುವವರು ಕಡಿಮೆ. ಕೇಳಿ ಉತ್ತರ ಕಂಡುಕೊಳ್ಳುವ ವಿಧಾನಕ್ಕೆ ಆರೋಗ್ಯ ಅರ್ಥಶಾಸ್ತ್ರದಲ್ಲಿ ವೆಚ್ಚ ಪರಿಣಾಮಕಾರಿತ್ವದ ವಿಶ್ಲೇಷಣೆ ಎನ್ನುತ್ತಾರೆ. ಒಂದು ಕ್ರಮಕ್ಕೆ ತಗಲಿದ ಹಣವನ್ನು ಆ ಕ್ರಮದಿಂದ ತಪ್ಪಿದ ಕಾಯಿಲೆ ಅಥವಾ ಸಾವಿನ ಸಂಖ್ಯೆಯಿಂದ ಭಾಗಿಸುವುದು ಇದರ ತಿರುಳು.

ಕಡಿಮೆ ಖರ್ಚಿನದು ಬೇರೆ, ವೆಚ್ಚ ಪರಿಣಾಮಕಾರಿಯಾದದ್ದು ಬೇರೆ. ಲೆಕ್ಕಕ್ಕಾಗಿ ಒಂದು ಊರನ್ನು ಕಲ್ಪಿಸಿಕೊಳ್ಳಿ. ಒಂದು ಲಕ್ಷ ರೂಪಾಯಿಯ ಕ್ರಮದಿಂದ ವರ್ಷಕ್ಕೆ 4 ಮಂದಿಗೆ ಮಲೇರಿಯಾ ತಪ್ಪುತ್ತದೆ. ಎರಡೂವರೆ ಲಕ್ಷದ ಇನ್ನೊಂದರಿಂದ 50 ಮಂದಿಗೆ. ಮೊದಲನೆಯದರಲ್ಲಿ ತಪ್ಪಿದ ಪ್ರತಿ ಪ್ರಕರಣಕ್ಕೆ 25,000 ರೂಪಾಯಿ, ಎರಡನೆಯದರಲ್ಲಿ 5,000. ಸೋವಿ ಎಂದು ಆರಿಸಿಕೊಂಡದ್ದೇ ಐದು ಪಟ್ಟು ದುಬಾರಿ. ತಜ್ಞರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೆಚ್ಚುವರಿ ಲೆಕ್ಕ ಹಾಕುತ್ತಾರೆ. ಮೊದಲ ಕ್ರಮ ಬಿಟ್ಟು ಎರಡನೆಯದಕ್ಕೆ ಹೋದರೆ ಒಂದೂವರೆ ಲಕ್ಷ ಹೆಚ್ಚು ಬೇಕು, 46 ಪ್ರಕರಣ ಹೆಚ್ಚು ತಪ್ಪುತ್ತವೆ. ಅಂದರೆ ಹೆಚ್ಚುವರಿ ಒಂದೊಂದು ಪ್ರಕರಣಕ್ಕೆ ಸುಮಾರು 3,260 ರೂಪಾಯಿ. ಈಗ ಮಾಡುತ್ತಿರುವುದಕ್ಕಿಂತ ಹೊಸದರಿಂದ ಎಷ್ಟು ಹೆಚ್ಚು ಸಿಗುತ್ತದೆ ಎಂಬುದು ತೀರ್ಮಾನ ಮಾಡುವವರಿಗೆ ಬೇಕಾದ ಅಂಕಿ.

ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಅಳತೆಯಲ್ಲಿ ಹಿಡಿಯಲು 'ಡ್ಯಾಲಿ' ಎಂಬ ಮಾನವಿದೆ. ವಿಶ್ವಬ್ಯಾಂಕಿನ 1993ರ ಅಭಿವೃದ್ಧಿ ವರದಿಯಿಂದ ಅದು ಎಲ್ಲೆಡೆ ಬಳಕೆಗೆ ಬಂತು. ಅಕಾಲ ಸಾವಿನಿಂದ ಕಳೆದುಹೋದ ವರ್ಷಗಳಿಗೆ, ಕಾಯಿಲೆಯಿಂದ ನರಳಿದ ಕಾಲವನ್ನು ಅದರ ತೀವ್ರತೆಗೆ ತಕ್ಕಂತೆ ಸೇರಿಸುತ್ತಾರೆ. ಒಂದು ಡ್ಯಾಲಿ ಎಂದರೆ ಕೈತಪ್ಪಿದ ಒಂದು ಆರೋಗ್ಯವಂತ ವರ್ಷ. 2011ರಲ್ಲಿ ಪ್ರಕಟವಾದ ಒಂದು ಸಮಗ್ರ ಅವಲೋಕನದಲ್ಲಿ, ಒಬ್ಬರನ್ನು ಒಂದು ವರ್ಷ ಕಾಪಾಡಲು ಕೀಟನಾಶಕ ಲೇಪಿತ ಸೊಳ್ಳೆ ಪರದೆಗೆ ತಗಲುವ ಮಧ್ಯಾಂಕ (ಮೀಡಿಯನ್) ವೆಚ್ಚ 2.20 ಡಾಲರ್, ಮನೆ ಗೋಡೆಗೆ ಔಷಧಿ ಸಿಂಪಡಿಸಲು 6.70 ಡಾಲರ್. ಒಂದು ಡ್ಯಾಲಿ ತಪ್ಪಿಸಲು ಪರದೆಗೆ 27 ಡಾಲರ್, ಸಿಂಪಡಣೆಗೆ 143. ಹಾಗಾದರೆ ಎಲ್ಲ ಕಡೆ ಪರದೆಯನ್ನೇ ಹಂಚಿಬಿಡೋಣ ಎನ್ನುವಂತಿಲ್ಲ. ಆ ಅಧ್ಯಯನಗಳಲ್ಲಿ ಬಹುಪಾಲು ಆಫ್ರಿಕಾದವು. ಅಲ್ಲಿ ಫಾಲ್ಸಿಪಾರಮ್ ಎಂಬ ಬಗೆಯ ಮಲೇರಿಯಾ ಪುಟ್ಟ ಮಕ್ಕಳನ್ನು ಕೊಲ್ಲುತ್ತದೆ, ಹಾಗಾಗಿ ಒಂದು ಸಾವು ತಪ್ಪಿಸಿದರೂ ಎಷ್ಟೋ ವರ್ಷ ಉಳಿಯುತ್ತವೆ. ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಜ್ವರದಲ್ಲಿ ಸಾವು ವಿರಳ. ಆ ಜ್ವರವೇ ಹೆಚ್ಚಿರುವ ಕಡೆ ಅದೇ ಪರದೆಗೆ, ಅದೇ ಬೆಲೆಗೆ, ಡ್ಯಾಲಿ ಲೆಕ್ಕ ಬೇರೆಯೇ ಬರುತ್ತದೆ.

ಮಂಡ್ಯಕ್ಕೆ ಈ ಲೆಕ್ಕ ತಂದರೆ ನಾಲೆಯಿಂದ ಶುರು ಮಾಡಬೇಕು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದ ಮೇಲೆ ಬಯಲುಸೀಮೆಗೆ ಭತ್ತ, ಕಬ್ಬು ಬಂದವು. ನಿಂತ ನೀರಿನ ಸೊಳ್ಳೆಯೂ ಬಂತು. ಮೈಸೂರು ಸಂಸ್ಥಾನವು ರಾಕ್‌ಫೆಲ್ಲರ್ ಪ್ರತಿಷ್ಠಾನದ ಜೊತೆ ಸೇರಿ ಮಲೇರಿಯಾ ಕೆಲಸಕ್ಕೆ ಕೈಹಾಕಿದ್ದು ಆ ಕಾಲದಲ್ಲೇ. ಇಲ್ಲಿನ ಬಯಲಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸೀಸ್. ದನದ ರಕ್ತ ಇದಕ್ಕೆ ಹೆಚ್ಚು ಇಷ್ಟ, ಹಗಲು ಕೊಟ್ಟಿಗೆಯಲ್ಲೂ ಮನೆಯೊಳಗೂ ತಂಗುತ್ತದೆ. ಹೀಗಿರುವಾಗ ಮನೆಗೆ ಸಿಂಪಡಿಸಿ ಕೊಟ್ಟಿಗೆ ಬಿಟ್ಟರೆ ಖರ್ಚಿನ ಒಂದು ಪಾಲು ಅಲ್ಲೇ ವ್ಯರ್ಥ. ಫಾಗಿಂಗ್ ಆ ಹೊತ್ತಿಗೆ ಹಾರಾಡುತ್ತಿದ್ದ ಸೊಳ್ಳೆಗೆ ಮಾತ್ರ ತಾಗುತ್ತದೆ, ಮಾರನೆಯ ದಿನಕ್ಕೆ ಏನೂ ಉಳಿಯುವುದಿಲ್ಲ. ಇದ್ದಕ್ಕಿದ್ದಂತೆ ಕಾಯಿಲೆ ಭುಗಿಲೆದ್ದಾಗ ಅದಕ್ಕೆ ಜಾಗ ಉಂಟು. ವರ್ಷವಿಡೀ ದುಡ್ಡು ಸುರಿಯುವಂಥದ್ದಲ್ಲ.

ನೀರು ಕಡಿಮೆಯಾದಾಗ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವುದು ಇಲ್ಲಿನ ರೈತರಿಗೆ ಗೊತ್ತಿರುವ ಮಾತು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಅಷ್ಟರೊಳಗೆ ಗದ್ದೆಯೂ ಕಾಲುವೆಯೂ ಪೂರ್ತಿ ಒಣಗಿದರೆ ಮರಿಗಳು ಸಾಯುತ್ತವೆ. ಆದರೆ ಹೂಳು ತುಂಬಿದ ಸೀಳುಗಾಲುವೆಯಲ್ಲಿ ನೀರು ನಿಲ್ಲಿಸಿದ ಮೇಲೂ ಅಲ್ಲಲ್ಲಿ ಮಡು ಉಳಿಯುತ್ತದೆ, ಕ್ಯುಲಿಸಿಫೇಸೀಸ್‌ಗೆ ಬೇಕಾದದ್ದು ಅಂಥದೇ ಜಾಗ. ಹೂಳೆತ್ತುವ ಹಣ ನೀರಾವರಿಯವರದು, ತಪ್ಪುವ ಜ್ವರದ ಲೆಕ್ಕ ಆರೋಗ್ಯ ಇಲಾಖೆಯದು. ಆರೋಗ್ಯದ ಕಡತದಲ್ಲಿ ಇದು ಪುಕ್ಕಟೆಯಾಗಿ ಕಾಣುತ್ತದೆ, ನೀರಾವರಿಯ ಕಡತದಲ್ಲಿ ಬರೀ ಖರ್ಚಾಗಿ. ಯಾರ ಜೇಬಿನ ಖರ್ಚು ಎಂದು ಮೊದಲೇ ನಿಗದಿ ಮಾಡದೆ ಹಾಕಿದ ಲೆಕ್ಕವನ್ನು ನಂಬಬಾರದು. ರೋಗಿಯ ಮನೆಯ ಖರ್ಚೂ ಹೀಗೆಯೇ ಜಾರಿಹೋಗುತ್ತದೆ: ಕೂಲಿ ತಪ್ಪಿದ ದಿನಗಳು, ಆಸ್ಪತ್ರೆಗೆ ಆಟೊ ಬಾಡಿಗೆ, ಜೊತೆಗೆ ಹೋದವರ ಕೂಲಿ. ಇವನ್ನೂ ಸೇರಿಸಿದರೆ ತಡೆಗಟ್ಟುವ ಕೆಲಸದ ಬೆಲೆ ಎಷ್ಟೋ ಹಗುರ ಎನಿಸುತ್ತದೆ.

ಬಾವಿ, ತೊಟ್ಟಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುವುದು ಅಗ್ಗದ ದಾರಿ, ಅವು ತಾವೇ ಮರಿ ಹಾಕಿಕೊಳ್ಳುತ್ತವೆ. ಒಣಗುವ ಮಡುವಿನಲ್ಲಿ ಮಾತ್ರ ಅವುಗಳ ಆಟ ನಡೆಯದು.

ಆಲೆಮನೆಯ ಕೆಲಸಗಾರರು, ಕಬ್ಬು ಕಡಿಯುವವರು ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದು ಶೆಡ್ಡು, ಗುಡಿಸಲುಗಳಲ್ಲಿ ಇರುತ್ತಾರೆ. ಟಾರ್ಪಾಲಿನ ಗುಡಿಸಲಿಗೆ ಗೋಡೆಯೇ ಇಲ್ಲ, ಸಿಂಪಡಿಸುವುದು ಎಲ್ಲಿಗೆ? ಅಲ್ಲಿ ಪರದೆ ಮತ್ತು ಬೇಗ ರಕ್ತಪರೀಕ್ಷೆ ಗೆಲ್ಲುತ್ತವೆ. ವೈವಾಕ್ಸ್‌ಗೆ ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಕೊಡಬೇಕು. ಜ್ವರ ಬಿಟ್ಟ ಕೂಡಲೇ ಮಾತ್ರೆ ನಿಲ್ಲಿಸಿದರೆ ಯಕೃತ್ತಿನಲ್ಲಿ ಅಡಗಿದ ಪರಾವಲಂಬಿ ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಆಶಾ ಕಾರ್ಯಕರ್ತೆ 14 ದಿನವೂ ಹೋಗಿ ಮಾತ್ರೆ ನುಂಗಿಸಿ ಬರುವ ಕೆಲಸಕ್ಕೆ ಬೆಲೆ ಕಟ್ಟಿ ಈ ಲೆಕ್ಕದೊಳಗೆ ಸೇರಿಸಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ತಪ್ಪಿದ ಪ್ರತಿ ಪ್ರಕರಣಕ್ಕೆ ಇಷ್ಟು ಎಂಬ ಅಂಕಿಯನ್ನು ಕಣ್ಣುಮುಚ್ಚಿ ಹಿಂಬಾಲಿಸಿದರೆ ಒಂದು ದೊಡ್ಡ ಅಪಾಯವಿದೆ. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಾಜು. 1953ರ ನಿಯಂತ್ರಣ ಕಾರ್ಯಕ್ರಮ, 1958ರ ನಿರ್ಮೂಲನ ಕಾರ್ಯಕ್ರಮಗಳ ನಂತರ 1965ರ ಹೊತ್ತಿಗೆ ಪ್ರಕರಣಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾದಂತೆ ತಪ್ಪಿಸುವ ಒಂದೊಂದು ಪ್ರಕರಣದ ಬೆಲೆ ಏರುತ್ತದೆ: ಅಷ್ಟೇ ಮನೆಗೆ ಹೋಗಬೇಕು, ಅಷ್ಟೇ ರಕ್ತ ನೋಡಬೇಕು, ಸಿಗುವ ರೋಗಿ ಒಬ್ಬ. ಇಷ್ಟಕ್ಕೆ ಇಷ್ಟು ಖರ್ಚೇ ಎಂಬ ಮಾತು ಸಹಜವಾಗಿ ಏಳುತ್ತದೆ. ಕಣ್ಗಾವಲು ಸಡಿಲವಾಯಿತು, ಡಿಡಿಟಿ ಸರಬರಾಜು ಕುಂಟಿತು, ಸೊಳ್ಳೆಗಳೂ ಅದಕ್ಕೆ ಒಗ್ಗಿಕೊಂಡವು. 1976ರಲ್ಲಿ ದಾಖಲಾದ ಪ್ರಕರಣಗಳು 64 ಲಕ್ಷ ದಾಟಿದ್ದವು.

2030ರೊಳಗೆ ಮಲೇರಿಯಾ ನಿರ್ಮೂಲನೆ ಎಂಬ ಗುರಿಯಿರುವ ಈಗ, ಪ್ರಕರಣ ಇಲ್ಲದ ತಾಲ್ಲೂಕಿನಲ್ಲೂ ಜ್ವರ ಬಂದವರ ರಕ್ತಲೇಪನ ತೆಗೆಯುವ ಖರ್ಚನ್ನು ಆ ವರ್ಷ ಸಿಕ್ಕ ರೋಗಿಗಳಿಂದ ಭಾಗಿಸುವುದು ತಪ್ಪು ಲೆಕ್ಕ. ಆ ಕೆಲಸ ನಿಲ್ಲಿಸಿದರೆ ಮುಂದಿನ ಹತ್ತು ವರ್ಷದಲ್ಲಿ ಮರಳಿ ಬರಬಹುದಾದ ಪ್ರಕರಣಗಳನ್ನು ಅಂದಾಜು ಮಾಡಿ, ಅವುಗಳಿಂದ ಭಾಗಿಸಬೇಕು.